ಓದುಗರ ಪ್ರಶ್ನೆಗೆ ಉತ್ತರ: ಪದೇ ಪದೇ ನೆತ್ತಿಗೆ ಹತ್ತುತ್ತಿದ್ರೆ ಸುಮ್ನಿರ್ಬೇಡಿ

ಹೋದ ಸಂಚಿಕೇಲಿ ಲಕ್ವ ಹೊಡೆದೋರ ಮಾತಿನ ತೊಂದರೆ ಬಗ್ಗೆ ಬರೆದಿದ್ದೆ. ಅದಕ್ಕೆ ಬಂದ ಕಾಗದಗಳಲ್ಲಿ ಹೆಚ್ಚಿನವು ಮಾತಿನ ಬಗ್ಗೆ ಅಲ್ಲ, ಊಟದ ಬಗ್ಗೆ. ನುಂಗೋಕಾಗ್ತಿಲ್ಲ, ನೀರು ಕುಡಿದ್ರೆ ಕೆಮ್ಮು, ಮೂಗಿಗೆ ಪೈಪ್ ಹಾಕಿದಾರೆ ಯಾವಾಗ ತೆಗೀತಾರೆ, ಇಂಥವೇ. ಸ್ಪೀಚ್ ಥೆರಪಿಸ್ಟ್ ಹತ್ರ ಊಟದ ವಿಷಯ ಕೇಳ್ಬೋದಾ ಅಂತ ಒಬ್ರು ಸಂಕೋಚದಿಂದ ಬರೆದಿದಾರೆ, ಖಂಡಿತ ಕೇಳಿ. ಮಾತಾಡೋಕೆ ಬೇಕಾದ ತುಟಿ, ನಾಲಿಗೆ, ಗಂಟಲೇ ನುಂಗೋಕೂ ಬೇಕು, ಅದನ್ನ ನೋಡೋದೂ ನಮ್ಮ ಕೆಲಸಾನೇ. ತುಮಕೂರಲ್ಲಿ ಇದೇ ಕೆಲಸ ಮಾಡ್ಕೊಂಡಿರೋಳು ನಾನು. ಈ ಸಲ ಪೂರ್ತಿ ಇದಕ್ಕೇ ಮೀಸಲು.

ಪ್ರಶ್ನೆ: ಮೇಡಂ, ನಮ್ಮ ಮಾವಂಗೆ 68 ವರ್ಷ. ಎರಡು ತಿಂಗಳ ಹಿಂದೆ ಲಕ್ವ ಹೊಡೆದು ಎಡಗಡೆ ಕೈ ಕಾಲು ಸ್ವಾಧೀನ ಇಲ್ಲ. ನೀರು ಕುಡಿಸಿದ್ರೆ ಕೆಮ್ಮು, ಕಣ್ಣಲ್ಲಿ ನೀರು. ನಮ್ಮತ್ತೆ ನೆತ್ತಿ ತಟ್ಟಿ ‘ಯಾರೋ ನೆನಸ್ಕೊಂಡ್ರು’ ಅಂತಾರೆ. ಮುದ್ದೆ ಇಲ್ದಿದ್ರೆ ಮಾವಂಗೆ ಊಟ ಮಾಡಿದಂಗೇ ಇಲ್ಲ, ಅದ್ಕೆ ಚಿಕ್ಕ ಚಿಕ್ಕ ತುತ್ತು ಮಾಡಿ ಸಾರಲ್ಲಿ ಅದ್ದಿ ಕೊಡ್ತೀನಿ. ಹೋದ ತಿಂಗ್ಳು ಜ್ವರ ಬಂದು ಎದೇಲಿ ಕಫ ಕಟ್ಟಿ ಅಡ್ಮಿಟ್ ಮಾಡಿದ್ವಿ, ನ್ಯುಮೋನಿಯಾ ಅಂದ್ರು. ಮನೆಗೆ ಕಳಿಸೋವಾಗ ‘ಸಾಫ್ಟ್ ಡಯಟ್ ಕೊಡಿ’ ಅಂದ್ರು ಅಷ್ಟೇ. ಸಾಫ್ಟ್ ಅಂದ್ರೆ ಏನು? – ಗುಬ್ಬಿ ತಾಲ್ಲೂಕಿನ ಒಬ್ಬ ಸೊಸೆ

ಉತ್ತರ: ನಿಮ್ಮ ಕಾಗದ ಓದಿ ಬೇಜಾರಾಯ್ತಮ್ಮ, ಯಾಕಂದ್ರೆ ಈ ‘ಸಾಫ್ಟ್ ಡಯಟ್’ ಅನ್ನೋ ಎರಡು ಪದ ಚೀಟಿ ಮೇಲೆ ಬರೆಸ್ಕೊಂಡು ಮನೆಗೆ ಹೋಗಿ, ತಿಂಗಳಾದ್ಮೇಲೆ ನ್ಯುಮೋನಿಯಾ ಅಂತ ವಾಪಸ್ ಬರೋರನ್ನ ನಾನು ವರ್ಷಗಟ್ಲೆಯಿಂದ ನೋಡ್ತಿದೀನಿ. ತಪ್ಪು ನಿಮ್ಮದಲ್ಲ. ಊಟ ಮಾಡಿಸೋರಿಗೆ ಯಾರಾದ್ರೂ ಕೂತು ಕೈಹಿಡಿದು ತೋರಿಸ್ಕೊಡ್ಬೇಕಿತ್ತು, ತೋರಿಸಿಲ್ಲ.

ಮೊದಲು ಆ ಕೆಮ್ಮಿನ ವಿಷಯ. ಅಪರೂಪಕ್ಕೆ ನೆತ್ತಿಗೆ ಹತ್ತೋದು ಎಲ್ಲರಿಗೂ ಇದ್ದಿದ್ದೇ. ಆದ್ರೆ ಲಕ್ವ ಆದೋರಿಗೆ ಪ್ರತಿ ಊಟದಲ್ಲೂ ನೆತ್ತಿಗೆ ಹತ್ತುತ್ತಿದ್ರೆ ಯಾರೋ ನೆನಸ್ಕೋತಿರೋದಲ್ಲ, ನೀರು ಶ್ವಾಸನಾಳಕ್ಕೆ ಇಳೀತಿದೆ ಅಂತ. ಗಂಟಲಲ್ಲಿ ಎರಡು ದಾರಿ ಇವೆ, ಮುಂದೆ ಶ್ವಾಸನಾಳ, ಹಿಂದೆ ಅನ್ನನಾಳ. ನುಂಗೋ ಆ ಒಂದೇ ಒಂದು ಕ್ಷಣ ಧ್ವನಿಪೆಟ್ಟಿಗೆ ಮೇಲಕ್ಕೆದ್ದು ಮುಚ್ಕೊಳ್ಳುತ್ತೆ, ಉಸಿರು ನಿಲ್ಲುತ್ತೆ, ಊಟ ಹಿಂದಿನ ದಾರೀಲಿ ಇಳಿಯುತ್ತೆ. ಲಕ್ವ ಆದಾಗ ಈ ಬಾಗಿಲು ಮುಚ್ಚೋದು ತಡ ಆಗುತ್ತೆ. ನೀರಿಗೆ ಕಾಯೋ ಗುಣ ಇಲ್ಲ, ಅದು ಬಾಗಿಲು ಮುಚ್ಚೋಕೆ ಮುಂಚೇನೇ ಓಡಿಹೋಗುತ್ತೆ. ಅದಕ್ಕೇ ಇಂಥೋರಿಗೆ ಎಲ್ಲಕ್ಕಿಂತ ಕಷ್ಟದ ಪದಾರ್ಥ ನೀರು. ಇದನ್ನ ಹೇಳಿದ್ರೆ ಮನೆಯೋರು ನಂಬೋದೇ ಇಲ್ಲ, ‘ನೀರಿಗಿಂತ ಸಾಫ್ಟ್ ಇನ್ನೇನಿದೆ ಮೇಡಂ’ ಅಂತಾರೆ.

ಇನ್ನೊಂದು ಭಯದ ವಿಷಯ, ಕೆಲವರಿಗೆ ಗಂಟಲಿನ ಸ್ಪರ್ಶವೇ ಹೋಗಿರುತ್ತೆ, ನೀರು ಶ್ವಾಸಕೋಶಕ್ಕೆ ಇಳಿದ್ರೂ ಕೆಮ್ಮೇ ಬರಲ್ಲ. ಕೆಮ್ಮು ನಿಂತ್ರೆ ವಾಸಿ ಆಯ್ತು ಅಂತ ತಿಳ್ಕೋಬೇಡಿ. ಊಟ ಆದ್ಮೇಲೆ ದನಿ ಗೊರಗೊರ ಅನ್ನೋದು, ಪದೇ ಪದೇ ಸಣ್ಣ ಜ್ವರ, ಕಫ, ತೂಕ ಇಳಿಯೋದು, ಒಂದು ಊಟಕ್ಕೆ ಮುಕ್ಕಾಲು ಗಂಟೆ ಹಿಡಿಯೋದು, ಎಡಗಡೆ ಕೆನ್ನೆ ಒಳಗೆ ತುತ್ತು ಹಂಗೇ ಉಳ್ಕೊಂಡಿರೋದು, ಇವನ್ನೆಲ್ಲ ಗಮನಿಸಿ ಒಂದು ಪುಸ್ತಕದಲ್ಲಿ ಬರೆದಿಡಿ.

ಈಗ ಮುದ್ದೆ. ನಮ್ಮ ಕಡೆ ಮುದ್ದೇನ ಅಗಿಯಲ್ಲ, ನುಂಗ್ತೀವಿ, ಅದೇ ತೊಂದರೆ. ಅಂಟೋ ಉಂಡೇನ ಒಂದೇ ಏಟಿಗೆ ಹಿಂದಕ್ಕೆ ತಳ್ಳೋಕೆ ನಾಲಿಗೆಗೆ ತುಂಬ ಬಲ ಬೇಕು, ಬಲ ಇಲ್ದಿದ್ರೆ ಅರ್ಧ ಗಂಟಲಲ್ಲೇ ಮೆತ್ಕೊಂಡು ಕೂತಿರುತ್ತೆ, ಆಮೇಲೆ ಉಸಿರೆಳೆದಾಗ ಯಾವ ಕಡೆ ಜಾರುತ್ತೋ ಗೊತ್ತಿಲ್ಲ. ಸಾರಲ್ಲಿ ಅದ್ದಿದ್ರೆ ಇನ್ನೂ ಕಷ್ಟ, ಬಾಯಲ್ಲಿ ಗಟ್ಟಿ ಒಂದು ತೆಳು ಒಂದು ಎರಡೂ ಒಟ್ಟಿಗೆ, ಗಟ್ಟಿ ಸಂಭಾಳಿಸೋದ್ರೊಳಗೆ ಸಾರು ಓಡಿರುತ್ತೆ. ಅನ್ನ ತಿಳಿಸಾರು, ಟೀಯಲ್ಲಿ ಅದ್ದಿದ ಬಿಸ್ಕತ್ತು ಎರಡಕ್ಕೂ ಇದೇ ಮಾತು. ಸದ್ಯಕ್ಕೆ ಮುದ್ದೆ ನಿಲ್ಲಿಸಿ, ರಾಗಿ ನಿಲ್ಲಿಸ್ಬೇಡಿ. ರಾಗಿ ಸರಿ ಗಂಟಿಲ್ದಂಗೆ ಗಟ್ಟಿಯಾಗಿ ಕಾಯಿಸಿ, ಚಮಚ ಓರೆ ಮಾಡಿದ್ರೆ ದಡಕ್ಕನೆ ಬೀಳಬೇಕು, ಅಂಟ್ಕೊಂಡಿರಬಾರದು, ನೀರಿನಂಗೆ ಹರೀಬಾರದು. ಮಸೊಪ್ಪು, ಬೇಳೆ, ತರಕಾರಿ ಎಲ್ಲ ಮಿಕ್ಸಿಗೆ ಹಾಕಿ ಮೆತ್ತಗೆ ಮಾಡಿ, ನಾರು ಇದ್ರೆ ಸೋಸಿ, ಅನ್ನದ ಜೊತೆ ಒಂದೇ ಹದಕ್ಕೆ ಮಸೆದು ಕೊಡಿ. ತುಪ್ಪ ಹಾಕಿ. ಬಸ್ಸಾರಿನ ಖಾರದ ರುಚಿ ನಾಲಿಗೆಗೆ ಸಿಗಲಿ, ಸಪ್ಪೆ ಗಂಜಿ ಕೊಟ್ರೆ ಯಾರಿಗಾದ್ರೂ ಊಟದ ಮೇಲೆ ಜಿಗುಪ್ಸೆ ಬರುತ್ತೆ. ಉಪ್ಪಿಟ್ಟು, ಮಂಡಕ್ಕಿ, ಕಡ್ಲೆಬೀಜ ಹಾಕಿದ ಚಿತ್ರಾನ್ನ, ಹಲಸಿನ ತೊಳೆ ಬೇಡ. ನೋಡೋಕೆ ಬರೋ ನೆಂಟ್ರು ಬ್ರೆಡ್ಡು, ಎಳನೀರು, ಮೂಸಂಬಿ ತರ್ತಾರಲ್ಲ, ಪಾಪ ಪ್ರೀತಿಯಿಂದ್ಲೇ ತರೋದು, ಆದ್ರೆ ಬ್ರೆಡ್ಡು ಎಂಜಲು ತಾಗಿದ ತಕ್ಷಣ ಹಿಟ್ಟಿನಂಗೆ ಅಂಟ್ಕೊಂಡು ಗಂಟಲು ಕಟ್ಟಿಸೋ ಪದಾರ್ಥ, ಎಳನೀರು ನೀರಷ್ಟೇ ತೆಳು. ಅವ್ರಿಗೆ ಟೀ ಜೊತೆ ಕೊಟ್ಟುಬಿಡಿ, ಮಾವನ ಕೈಗೆ ಬೇಡ.

ಏನು ಕೊಡ್ತೀರಿ ಅನ್ನೋದಕ್ಕಿಂತ ಹೆಂಗೆ ಕೊಡ್ತೀರಿ ಅನ್ನೋದು ಇನ್ನೂ ಮುಖ್ಯ. ಮಲಗಿಸಿ, ತೊಡೆ ಮೇಲೆ ತಲೆ ಇಟ್ಕೊಂಡು ಕೊಡಬೇಡಿ. ಕುರ್ಚೀಲಿ ನೆಟ್ಟಗೆ ಕೂರಿಸಿ, ಎಡಗಡೆ ವಾಲ್ತಿದ್ರೆ ದಿಂಬು ಒತ್ತು ಕೊಡಿ, ಪಾದ ನೆಲ ಮುಟ್ಟಲಿ. ನೀವು ನಿಂತ್ಕೊಂಡು ತುತ್ತಿಟ್ರೆ ಅವರು ಕತ್ತೆತ್ತಿ ನೋಡ್ತಾರೆ, ಕತ್ತು ಹಿಂದಕ್ಕೆ ಹೋದ್ರೆ ಶ್ವಾಸನಾಳದ ದಾರಿ ತೆರೆದಂಗೆ, ಹಾಗಾಗಿ ನೀವೂ ಎದುರಿಗೆ ಅವರ ಕಣ್ಣಿನ ಮಟ್ಟಕ್ಕೇ ಕೂತ್ಕೊಳ್ಳಿ. ಲೋಟ ಎತ್ತಿ ಕುಡಿಯೋದು, ಒಳಲೆಯಲ್ಲಿ ಹುಯ್ಯೋದು, ಸಿರಿಂಜಲ್ಲಿ ಬಾಯಿಗೆ ಒತ್ತೋದು ಮೂರೂ ಬೇಡವೇ ಬೇಡ. ಚಿಕ್ಕ ಟೀ ಚಮಚ, ಅರ್ಧ ತುಂಬಿಸಿ, ಸ್ವಾಧೀನ ಇರೋ ಬಲಗಡೆಗೆ ಇಡಿ. ಒಂದು ತುತ್ತು ಇಳೀತು ಅಂತ ಗಂಟಲು ಮೇಲೆದ್ದು ಇಳಿಯೋದನ್ನ ಕಣ್ಣಲ್ಲಿ ನೋಡಿ ಆಮೇಲೆ ಇನ್ನೊಂದು. ಟಿವಿ ಆರಿಸಿ. ಸುಸ್ತಾದ್ರೆ ಅರ್ಧಗಂಟೆ ಮೇಲೆ ಎಳೀಬೇಡಿ, ಮೂರು ಊಟದ ಬದ್ಲು ಐದಾರು ಸಲ ಸ್ವಲ್ಪ ಸ್ವಲ್ಪ ಕೊಡಿ. ಊಟ ಆದ್ಮೇಲೆ ಅರ್ಧ ಗಂಟೆ ಮಲಗಿಸ್ಬೇಡಿ.

ಬಾಯಿ ತೊಳಸೋದನ್ನ ಬಿಡಬೇಡಿ. ಎಂಜಲು ಹೆಂಗಿದ್ರೂ ಸ್ವಲ್ಪ ಒಳಗೆ ಜಾರುತ್ತೆ, ಬಾಯಿ ಗಲೀಜಾಗಿದ್ರೆ ಆ ಎಂಜಲಿನ ಜೊತೆ ರೋಗಾಣುಗಳೂ ಶ್ವಾಸಕೋಶ ಸೇರ್ತವೆ. ಬೆಳಗ್ಗೆ, ರಾತ್ರಿ, ಪ್ರತಿ ಊಟ ಆದ್ಮೇಲೆ ಮೆತ್ತನೆ ಬ್ರಷ್ಷಲ್ಲಿ ಹಲ್ಲು, ನಾಲಿಗೆ, ಕೆನ್ನೆ ಒಳಗೆ ಉಜ್ಜಿ, ಹಲ್ಲುಸೆಟ್ಟು ರಾತ್ರಿ ತೆಗೆದಿಡಿ. ನ್ಯುಮೋನಿಯಾ ತಡೆಯೋಕೆ ಮನೇಲೇ ಮಾಡಬೋದಾದ ದೊಡ್ಡ ಕೆಲಸ ಇದು.

ಗದ್ದ ಎದೆಗೆ ತಾಗಿಸಿ ನುಂಗಿಸಿ ಅಂತ ಮೊಬೈಲಲ್ಲಿ ವಿಡಿಯೋ ನೋಡಿದೀನಿ ಅಂತ ಕೊನೇಲಿ ಬರೆದಿದ್ರಿ. ಅದು ಕೆಲವರಿಗೆ ಒಳ್ಳೇದು, ಕೆಲವರಿಗೆ ಏನೂ ಉಪಯೋಗ ಇಲ್ಲ, ಇನ್ನು ಕೆಲವರಿಗೆ ಕೆಡುಕೇ ಆಗುತ್ತೆ. ಕೆಲವರಿಗೆ ಸ್ವಾಧೀನ ಇಲ್ಲದ ಕಡೆಗೆ ಕತ್ತು ತಿರುಗಿಸಿ ನುಂಗಿಸ್ಬೇಕು. ಪರೀಕ್ಷೆ ಮಾಡದೆ ಹೇಳೋಕಾಗಲ್ಲ. ಲಕ್ವ ಆದ ಶುರುವಿನಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ನುಂಗೋ ತೊಂದರೆ ಇರುತ್ತೆ, ಎಷ್ಟೋ ಜನಕ್ಕೆ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತೆ, ನಿಮ್ಮ ಮಾವಂಗೆ ಎರಡು ತಿಂಗಳಾದ್ರೂ ಹೋಗಿಲ್ಲ, ನ್ಯುಮೋನಿಯಾನೂ ಆಗಿದೆ ಅಂದ್ರೆ ತಡ ಮಾಡಬೇಡಿ. ಬರೋವಾಗ ಮನೇಲಿ ಬಳಸೋ ಚಮಚ, ಲೋಟ, ಅವತ್ತು ಮಾಡಿದ ಅಡುಗೆ ಎಲ್ಲ ತನ್ನಿ. ಅತ್ತೇನೂ ಕರ್ಕೊಂಡು ಬನ್ನಿ. ನಾನು ಬರೀ ಹೇಳಿ ಕಳಿಸಲ್ಲ, ಇಬ್ರೂ ನನ್ನ ಮುಂದೆ ತುತ್ತಿಟ್ಟು ತೋರಿಸ್ಬೇಕು, ತಪ್ಪಿದ್ರೆ ಅಲ್ಲೇ ತಿದ್ಕೊಳ್ಳೋಣ. ನಿಮ್ಮ ಊರಿಗೆ ಹತ್ರ ಇನ್ಯಾರಾದ್ರೂ ಥೆರಪಿಸ್ಟ್ ಇದ್ರೆ ಅವರ ಹತ್ರಾನೂ ಹಿಂಗೇ ಕೇಳಿ, ‘ನಾನು ಮಾಡಿ ತೋರಿಸ್ತೀನಿ, ನೋಡಿ’ ಅನ್ನಿ, ನಾಚ್ಕೋಬೇಡಿ.

ಪ್ರಶ್ನೆ: ನೀರು ಗಟ್ಟಿ ಮಾಡೋ ಪೌಡರ್ ಬರ್ಕೊಟ್ಟಿದಾರೆ, ಡಬ್ಬಿ ರೇಟು ಕೇಳಿ ಎದೆ ಒಡೀತು. ಮನೇಲೇ ರಾಗಿ ಹಿಟ್ಟೋ ಜೋಳದ ಹಿಟ್ಟೋ ಹಾಕಿದ್ರೆ ಆಗಲ್ವಾ? ಹದ ಹೆಂಗೆ ಗೊತ್ತಾಗೋದು? – ಮಾಲೂರು

ಉತ್ತರ: ಆಗುತ್ತೆ, ಆದ್ರೆ ಎರಡು ವಿಷಯ ಗೊತ್ತಿರಲಿ. ರಾಗಿ ಅಂಬಲಿ ಬಿಸಿ ಇದ್ದಾಗ ಒಂದು ಹದ, ಆರಿದ ಮೇಲೆ ಇನ್ನೊಂದು ಹದ, ಹಾಗಾಗಿ ಕುಡಿಸೋ ಹೊತ್ತಲ್ಲಿ ನೋಡ್ಬೇಕು, ಒಲೆ ಮೇಲಿದ್ದಾಗ ಅಲ್ಲ. ಎರಡನೇದು, ಹಿಟ್ಟಿನ ಗಟ್ಟಿತನವನ್ನ ನಮ್ಮ ಎಂಜಲೇ ಕರಗಿಸುತ್ತೆ. ಎಂಜಲಾದ ಚಮಚ ಮತ್ತೆ ಲೋಟಕ್ಕೆ ಅದ್ದಿದ್ರೆ ಸ್ವಲ್ಪ ಹೊತ್ತಿಗೆ ಲೋಟದ್ದೆಲ್ಲ ತೆಳ್ಳಗಾಗುತ್ತೆ, ಅದಕ್ಕೆ ಸ್ವಲ್ಪ ಸ್ವಲ್ಪವೇ ಬೇರೆ ಬಟ್ಟಲಿಗೆ ಬಗ್ಗಿಸ್ಕೊಳ್ಳಿ. ಕ್ಸಾಂಥನ್ ಗಮ್ ಅನ್ನೋ ಅಂಟಿನಿಂದ ಮಾಡಿದ ಪೌಡರ್ ಹಂಗೆ ಕರಗಲ್ಲ, ಬೆಲೆ ಜಾಸ್ತಿ ಇದ್ರೂ ಕೆಲವರಿಗೆ ಅದೇ ಬೇಕಾಗುತ್ತೆ.

ಹದಕ್ಕೆ ಪ್ರಪಂಚದಲ್ಲೆಲ್ಲ ಬಳಸೋ ಒಂದು ಅಳತೆಪಟ್ಟಿ ಇದೆ, ಐಡಿಡಿಎಸ್‌ಐ ಅಂತಾರೆ, ಅದರ ಪರೀಕ್ಷೇನೂ ಸುಲಭ. ಊಟ, ಪಾನೀಯ ಎರಡೂ ಸೇರಿ 0ಯಿಂದ 7ರವರೆಗೆ ಹದಗಳು, ಪಾನೀಯಕ್ಕೆ 0ಯಿಂದ 4. ಮೆಡಿಕಲ್ ಸ್ಟೋರಿಂದ ಸೂಜಿ ಇಲ್ಲದ 10 ಎಂಎಲ್ ಸಿರಿಂಜ್ ತನ್ನಿ, 0 ಗೆರೆಯಿಂದ 10ರ ಗೆರೆವರೆಗೆ 61.5 ಮಿಲಿಮೀಟರ್ ಉದ್ದ ಇರ್ಬೇಕು, ಸ್ಕೇಲಿಟ್ಟು ನೋಡ್ಕೊಳ್ಳಿ. ಹಿಂದಿನ ಕಡ್ಡಿ ಎಳೆದು ತೆಗೀರಿ, ತುದಿಗೆ ಬೆರಳು ಒತ್ತಿ 10ರವರೆಗೆ ತುಂಬಿಸಿ, ಬೆರಳು ತೆಗೆದು 10 ಸೆಕೆಂಡ್ ಬಿಟ್ಟು ಮತ್ತೆ ಒತ್ತಿ. ಉಳಿದಿದ್ದು 1 ಎಂಎಲ್‌ಗಿಂತ ಕಮ್ಮಿ ಅಂದ್ರೆ ಅದು ನೀರಿನಷ್ಟೇ ತೆಳು, 1ರಿಂದ 4 ಉಳಿದ್ರೆ ಒಂದನೇ ಹದ, 4ರಿಂದ 8 ಉಳಿದ್ರೆ ಎರಡನೇದು, 8ಕ್ಕಿಂತ ಜಾಸ್ತಿ ಉಳಿದು ಸ್ವಲ್ಪ ತೊಟ್ಟಿಕ್ಕಿದ್ರೆ ಮೂರನೇದು, ಏನೂ ಬೀಳದಿದ್ರೆ ಚಮಚದಲ್ಲಿ ತಿನ್ನೋ ನಾಲ್ಕನೇದು. ನಿಮಗೆ ಯಾವ ನಂಬರ್ ಬೇಕು ಅನ್ನೋದನ್ನ ಬರ್ಕೊಟ್ಟೋರ ಹತ್ರಾನೇ ಕೇಳಿ, ಜಾಸ್ತಿ ಗಟ್ಟಿ ಮಾಡಿದ್ರೆ ಜಾಸ್ತಿ ಒಳ್ಳೇದು ಅಂತೇನಿಲ್ಲ, ತೀರಾ ಗಟ್ಟಿ ಆದ್ರೆ ಗಂಟಲಲ್ಲಿ ಉಳಿಯುತ್ತೆ. ಗಟ್ಟಿ ನೀರು ಯಾರಿಗೂ ಇಷ್ಟ ಆಗಲ್ಲ, ಕುಡಿಯೋದೇ ಕಮ್ಮಿ ಮಾಡ್ತಾರೆ, ಮೂತ್ರ ಹಳದಿ ಆಗ್ತಿದ್ಯಾ, ನಾಲಿಗೆ ಒಣಗ್ತಿದ್ಯಾ ನೋಡ್ತಿರಿ.

ಪ್ರಶ್ನೆ: ನಮ್ಮಪ್ಪಂಗೆ ಮೂಗಲ್ಲಿ ಪೈಪ್ ಹಾಕಿ ಎರಡೂವರೆ ತಿಂಗಳಾತು. ಎರಡು ಸಲ ಕಿತ್ತಾಕವ್ರೆ. ಊಟ ಬಾಯಿಂದ ಹೋಗಲ್ವಲ್ಲ ಅಂತ ಹಲ್ಲು ಉಜ್ಜಿಸ್ತಿಲ್ಲ. ನೀರು ಕೊಡು ಅಂತ ಕೈ ಮುಗೀತಾರೆ ಮೇಡಂ, ನೋಡಕಾಗಲ್ಲ. ಪೈಪ್ ತೆಗ್ದು ಬಾಯಿಗೆ ಕೊಟ್ಬಿಡ್ಲಾ? – ಮುಳಬಾಗಿಲು ಕಡೆಯ ಮಗ

ಉತ್ತರ: ನೀವಾಗೇ ತೆಗೀಬೇಡಿ. ಆದ್ರೆ ಪೈಪ್ ಹಾಕಿದೀವಲ್ಲ ಅಂತ ಸುಮ್ನೆ ಬಿಡೋದೂ ತಪ್ಪು. ಎರಡೂವರೆ ತಿಂಗಳಲ್ಲಿ ಗಂಟಲು ಸುಧಾರಿಸಿರ್ಬೋದು, ಯಾರೂ ನೋಡೇ ಇಲ್ಲ ಅಷ್ಟೇ. ನೋಡೋಕೆ ಎರಡು ದಾರಿ. ಒಂದು, ಬೇರಿಯಂ ಕಲಸಿದ ಊಟ ನುಂಗಿಸುತ್ತಾ ಎಕ್ಸ್‌ರೇ ವಿಡಿಯೋ ತೆಗೆಯೋದು. ಇನ್ನೊಂದು, ಸಣ್ಣ ಕ್ಯಾಮೆರಾ ಮೂಗಿಂದ ಬಿಟ್ಟು ಗಂಟಲು ನೋಡೋದು. ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ನಿಮ್ಹಾನ್ಸ್ ಜೊತೆ ಸೇರಿ ಸರ್ಕಾರ 2022ರಲ್ಲಿ ಶುರು ಮಾಡಿದ ಕರ್ನಾಟಕ ಬ್ರೇನ್ ಹೆಲ್ತ್ ಇನಿಶಿಯೇಟಿವ್ ಅನ್ನೋ ಮೆದುಳಿನ ಆರೋಗ್ಯದ ಯೋಜನೆ ಇದೆ, ಕೋಲಾರದ ಜಿಲ್ಲಾಸ್ಪತ್ರೇಲಿ ಅದರ ಬಗ್ಗೆ ವಿಚಾರಿಸಿ, ಅಲ್ಲಿಂದ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆಸ್ಕೊಂಡು ಹೋಗ್ಬೋದು. ಮೈಸೂರಿನ ಮಾನಸಗಂಗೋತ್ರೀಲಿ 1965ರಿಂದ ಇರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೇಲೂ ನುಂಗೋ ತೊಂದರೆ ನೋಡ್ತಾರೆ. ಇನ್ನೂ ತಿಂಗಳುಗಟ್ಲೆ ಪೈಪ್ ಬೇಕು ಅಂತಾದ್ರೆ ಹೊಟ್ಟೆಗೇ ನೇರವಾಗಿ ಹಾಕೋ ಪೆಗ್ ಟ್ಯೂಬ್ ಬಗ್ಗೆ ಡಾಕ್ಟ್ರ ಹತ್ರ ಮಾತಾಡಿ, ಮೂಗಿನ ಕಿರಿಕಿರಿ ಇರಲ್ಲ, ಕೀಳೋದೂ ಕಮ್ಮಿ.

ಹಲ್ಲು ಉಜ್ಜಿಸ್ತಿಲ್ಲ ಅಂದ್ರಲ್ಲ, ದಯವಿಟ್ಟು ಇವತ್ತಿಂದಲೇ ಶುರು ಮಾಡಿ. ಪೈಪ್ ಇದ್ರೂ ಎಂಜಲು ಇಳಿಯುತ್ತಲೇ ಇರುತ್ತೆ, ತಿನ್ನದ ಬಾಯಿ ಇನ್ನೂ ಬೇಗ ಗಲೀಜಾಗುತ್ತೆ. ಪೈಪಲ್ಲಿ ಊಟ ಹಾಕೋವಾಗ ತಲೆದೆಸೆ ಕನಿಷ್ಠ 30 ಡಿಗ್ರಿ ಮೇಲಿರಲಿ, ಆಮೇಲೂ ಅರ್ಧದಿಂದ ಒಂದು ಗಂಟೆ ಹಂಗೇ ಇರಲಿ. ಮೂಗಿನ ಹತ್ರ ಪೈಪಿನ ಮೇಲಿರೋ ಗುರುತು ಜರುಗಿದ್ರೆ ಏನೂ ಹಾಕಬೇಡಿ, ನರ್ಸ್‌ಗೆ ತೋರಿಸಿ.

ನೀರಿಗೆ ಕೈ ಮುಗೀತಾರೆ ಅಂದ್ರಲ್ಲ, ಅದನ್ನ ಓದಿ ನನಗೂ ಕರುಳು ಚುರುಕ್ ಅಂತು. ಬಾಯಿ ಚೆನ್ನಾಗಿ ತೊಳೆದಿರೋ, ನೆಟ್ಟಗೆ ಕೂರೋಕಾಗೋ ಕೆಲವರಿಗೆ ಊಟದ ಹೊತ್ತು ಬಿಟ್ಟು ಮಧ್ಯೆ ಮಧ್ಯೆ ಗುಟುಕು ಗುಟುಕು ಬರೀ ನೀರು ಕೊಡೋ ಪದ್ಧತಿ ಇದೆ, ಶುದ್ಧ ಬಾಯಿಂದ ಇಳಿದ ಸ್ವಲ್ಪ ನೀರನ್ನ ಶ್ವಾಸಕೋಶ ಹೀರ್ಕೊಳ್ಳುತ್ತೆ, ಊಟದಷ್ಟು ಕೇಡಲ್ಲ ಅನ್ನೋ ಲೆಕ್ಕ. ಇದನ್ನ ಥೆರಪಿಸ್ಟ್ ನೋಡಿ ಒಪ್ಪಿದ್ಮೇಲೆ ಮಾತ್ರ ಮಾಡ್ಬೇಕು. ಹೋದಾಗ ನೀವೇ ಬಾಯಿಬಿಟ್ಟು ಕೇಳಿ. ಅಲ್ಲಿವರೆಗೂ ಒದ್ದೆ ಬಟ್ಟೇನ ಚೆನ್ನಾಗಿ ಹಿಂಡಿ ತುಟಿ ನಾಲಿಗೆ ಒರೆಸ್ತಿರಿ, ಅದೇ ದೊಡ್ಡ ಸಮಾಧಾನ ಅವರಿಗೆ.

ಪ್ರಶ್ನೆ: 54 ವರ್ಷ, ಎಲೆಅಡಿಕೆ ಹೊಗೆಸೊಪ್ಪು ಅಭ್ಯಾಸ ಇದೆ. ಮೊದಲು ಮುದ್ದೆ ಎದೇಲಿ ಹಿಡಿದಂಗಾಗ್ತಿತ್ತು, ಆಮೇಲೆ ಅನ್ನ, ಈಗ ಗಂಜಿ ಮಾತ್ರ ಇಳಿಯುತ್ತೆ. ವ್ಯಾಯಾಮ ಹೇಳಿ. – ಗೌರಿಬಿದನೂರು

ಉತ್ತರ: ವ್ಯಾಯಾಮ ಹೇಳಲ್ಲ. ಮೊದಲು ಗಟ್ಟಿ, ಆಮೇಲೆ ಮೆತ್ತಂದು, ಆಮೇಲೆ ನೀರು ಅಂತ ದಿನ ಕಳೆದಂಗೆ ಜಾಸ್ತಿ ಆಗ್ತಿರೋ ತೊಂದರೆ ಅನ್ನನಾಳದ್ದಿರ್ಬೋದು, ಅಲ್ಲಿ ಗಡ್ಡೆ ಇಲ್ಲ ಅಂತ ಖಚಿತ ಆಗ್ಬೇಕು. ಈ ವಾರಾನೇ ಎಂಡೋಸ್ಕೋಪಿ ಮಾಡಿಸಿ. ಹಬ್ಬ ಆಗ್ಲಿ, ಬೆಳೆ ಕೊಯ್ಲಾಗ್ಲಿ ಅನ್ಬೇಡಿ. ಹೊಗೆಸೊಪ್ಪು ಇವತ್ತೇ ಬಿಡಿ.

ಪ್ರಶ್ನೆ: ನಮ್ಮ ಯಜಮಾನ್ರು ರಿಟೈರ್ಡ್ ಮೇಷ್ಟ್ರು, ಆರು ವರ್ಷದಿಂದ ಪಾರ್ಕಿನ್ಸನ್. ಮಾತ್ರೆ ನುಂಗಕಾಗಲ್ಲ ಅಂತ ಎಲ್ಲಾನೂ ಕುಟ್ಟಾಣೀಲಿ ಪುಡಿ ಮಾಡಿ ಜೇನಲ್ಲಿ ಕೊಡ್ತೀನಿ. ಜೊಲ್ಲು ಸುರಿಯುತ್ತೆ, ಊಟಕ್ಕೆ ಒಂದು ಗಂಟೆ. – ಚಿಂತಾಮಣಿ

ಉತ್ತರ: ಕುಟ್ಟೋದನ್ನ ಸದ್ಯಕ್ಕೆ ನಿಲ್ಲಿಸಿ, ಮಾತ್ರೆ ಪಟ್ಟಿ ಎಲ್ಲ ಎತ್ಕೊಂಡು ಡಾಕ್ಟ್ರ ಹತ್ರ ಅಥವಾ ಫಾರ್ಮಸಿಸ್ಟ್ ಹತ್ರ ಇವತ್ತೇ ಹೋಗಿ. ಹೆಸರಿನ ಮುಂದೆ ಎಸ್‌ಆರ್, ಸಿಆರ್, ಎಕ್ಸ್‌ಆರ್ ಅಂತಿರೋ ಮಾತ್ರೆಗಳು ದಿನವಿಡೀ ನಿಧಾನಕ್ಕೆ ಕರಗೋಕೆ ಮಾಡಿರೋದು, ಪುಡಿ ಮಾಡಿದ್ರೆ ಅಷ್ಟೂ ಔಷಧಿ ಒಂದೇ ಏಟಿಗೆ ಮೈಗೆ ಸೇರುತ್ತೆ. ಗ್ಯಾಸ್ಟ್ರಿಕ್‌ಗೆ ಕೊಡೋ ಪ್ಯಾಂಟೊಪ್ರಜೋಲ್ ಪುಡಿ ಆದ್ರೆ ಹೊಟ್ಟೆಯ ಆಮ್ಲದಲ್ಲೇ ಕೆಟ್ಟುಹೋಗುತ್ತೆ. ಬದಲಿ ಸಿರಪ್ಪೋ ನೀರಲ್ಲಿ ಕರಗೋ ಮಾತ್ರೆನೋ ಎಷ್ಟೋ ಔಷಧಿಗೆ ಇರುತ್ತೆ, ಕೇಳಿದ್ರೆ ಬರ್ಕೊಡ್ತಾರೆ. ಆದ್ರೆ ಪಾರ್ಕಿನ್ಸನ್ ಮಾತ್ರೆ ಮಾತ್ರ ಒಂದು ಹೊತ್ತೂ ತಪ್ಪಿಸ್ಬೇಡಿ.

ಆ ಮಾತ್ರೆ ಕೆಲಸ ಮಾಡ್ತಿರೋ ಹೊತ್ತಲ್ಲಿ ಕೈ ಕಾಲಿನಂಗೇ ಗಂಟಲೂ ಚುರುಕಾಗಿರುತ್ತೆ. ಮಾತ್ರೆ ಕೊಟ್ಟು ಅರ್ಧದಿಂದ ಒಂದು ಗಂಟೆ ಬಿಟ್ಟು ಊಟ ಇಡಿ. ಜೊಲ್ಲು ಜಾಸ್ತಿ ತಯಾರಾಗ್ತಿದೆ ಅಂತಲ್ಲ, ನುಂಗೋದು ಮರೀತಿದಾರೆ ಅಂತ, ‘ನುಂಗ್ರೀ’ ಅಂತ ಆಗಾಗ ನೆನಪಿಸಿ. ಮೇಷ್ಟ್ರಾಗಿದ್ದೋರು, ದನಿ ಎತ್ತಿ ಪದ್ಯ ಓದೋಕೆ ಹೇಳಿ, ಜೋರು ದನಿ ತೆಗೆಯೋ ಅಭ್ಯಾಸದಿಂದ ಕೆಲವರಿಗೆ ನುಂಗೋದೂ ಸ್ವಲ್ಪ ಸುಧಾರಿಸುತ್ತೆ.

ಪ್ರಶ್ನೆ: ಗಂಟಲಲ್ಲಿ ಸಿಕ್ಕಾಕೊಂಡ್ರೆ ನೀರು ಕುಡಿಸ್ಬೋದಾ? – ತಿಪಟೂರು

ಉತ್ತರ: ಬೇಡ. ಕೆಮ್ಮೋಕಾಗ್ತಿದ್ರೆ ಕೆಮ್ಮೋಕೆ ಬಿಡಿ, ಬೆರಳು ಹಾಕಬೇಡಿ. ಕೆಮ್ಮೂ ಇಲ್ಲ, ದನೀನೂ ಇಲ್ಲ, ಮುಖ ನೀಲಿಗೆ ತಿರುಗ್ತಿದೆ ಅಂದ್ರೆ ಮುಂದಕ್ಕೆ ಬಗ್ಗಿಸಿ ಬೆನ್ನಿನ ಮೇಲೆ ಎರಡು ರೆಕ್ಕೆ ಮೂಳೆ ಮಧ್ಯೆ ಅಂಗೈ ಬುಡದಿಂದ 5 ಸಲ ಬಲವಾಗಿ ಹೊಡೀರಿ. ಹೋಗದಿದ್ರೆ ಹಿಂದೆ ನಿಂತು ಹೊಕ್ಕುಳ ಸ್ವಲ್ಪ ಮೇಲೆ ಮುಷ್ಟಿ ಇಟ್ಟು ಒಳಕ್ಕೂ ಮೇಲಕ್ಕೂ 5 ಸಲ ಜಗ್ಗಿ. ಎರಡನ್ನೂ ಬದಲಾಯಿಸ್ತಾ ಮಾಡ್ತಿರಿ, ಇನ್ನೊಬ್ರು 108ಕ್ಕೆ ಫೋನ್ ಮಾಡ್ಲಿ. ಪ್ರಜ್ಞೆ ತಪ್ಪಿದ್ರೆ ನೆಲದ ಮೇಲೆ ಮಲಗಿಸಿ ಎದೆ ಒತ್ತೋಕೆ ಶುರು ಮಾಡಿ. ನೆತ್ತಿ ತಟ್ಟೋದ್ರಿಂದ ಏನೂ ಆಗಲ್ಲ.

ಪ್ರಶ್ನೆ: ಅಜ್ಜಿಗೆ ಮರೆವಿನ ಕಾಯಿಲೆ, ಮಂಚ ಹಿಡಿದು ವರ್ಷ ಆಯ್ತು. ತುತ್ತಿಟ್ರೆ ಬಾಯಲ್ಲೇ ಇಟ್ಕೊಂಡು ಕೂರ್ತಾರೆ, ಈಗೀಗ ಬಾಯೇ ತೆಗೆಯಲ್ಲ. ಅತ್ತಿಗೆಯೋರು ಬಂದು ‘ಇವ್ಳು ಸರಿಯಾಗಿ ಊಟ ಹಾಕ್ತಿಲ್ಲ, ಒಣಗಿ ಹೋಗಿದಾರೆ’ ಅಂತ ಎಲ್ಲರ ಮುಂದೆ ಅಂದ್ರು. ಪೈಪ್ ಹಾಕಿಸ್ಬಿಡಿ ಅಂತಾರೆ. – ಶಿರಾ, ಮೊಮ್ಮಗಳು

ಉತ್ತರ: ನೀವು ಊಟ ಹಾಕ್ತಿಲ್ಲ ಅಂತಲ್ಲಮ್ಮ, ತುತ್ತನ್ನ ಏನು ಮಾಡ್ಬೇಕು ಅನ್ನೋದನ್ನೇ ಅವರ ಮೆದುಳು ಮರೆತಿದೆ. ಈ ಬರಹಾನ ಅತ್ತಿಗೆಯೋರಿಗೂ ಓದೋಕೆ ಕೊಡಿ, ಮುಂದಿನ ಸಲ ಬಂದಾಗ ಒಂದು ಊಟ ಅವರೇ ಮಾಡಿಸ್ಲಿ.

ಕೊನೇ ಹಂತದ ಮರೆವಿನ ಕಾಯಿಲೇಲಿ ಪೈಪಿಂದ ಆಯಸ್ಸು ಹೆಚ್ಚುತ್ತೆ, ನ್ಯುಮೋನಿಯಾ ತಪ್ಪುತ್ತೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ. ಕೀಳ್ತಾರೆ ಅಂತ ಕೈ ಕಟ್ಟೋ ಪರಿಸ್ಥಿತಿ ಬರುತ್ತೆ, ಅದು ಅಜ್ಜಿಗೆ ಹಿಂಸೆ. ಕೈಯಾರೆ ಪ್ರೀತಿಯಿಂದ ಎಷ್ಟು ಆಗುತ್ತೋ ಅಷ್ಟು ತಿನ್ನಿಸೋದೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ವೃದ್ಧರನ್ನ ನೋಡೋ ಡಾಕ್ಟ್ರುಗಳೂ ಸಾಮಾನ್ಯವಾಗಿ ಇದನ್ನೇ ಹೇಳೋದು, ಆದ್ರೂ ನಿಮ್ಮ ಡಾಕ್ಟ್ರ ಜೊತೆ ಮನೆಯೋರೆಲ್ಲ ಒಟ್ಟಿಗೆ ಕೂತು ಮಾತಾಡಿ, ನೀವೊಬ್ರೇ ತೀರ್ಮಾನದ ಭಾರ ಹೊರಬೇಡಿ.

ಅವರು ಎಚ್ಚರವಾಗಿರೋ ಹೊತ್ತು ನೋಡ್ಕೊಳ್ಳಿ, ಗಡಿಯಾರ ಬೇಡ. ಚಮಚ ಅವರ ಕೈಗೇ ಕೊಟ್ಟು ಅದರ ಮೇಲೆ ನಿಮ್ಮ ಕೈ ಇಟ್ಟು ಬಾಯಿ ಹತ್ರ ತಗೊಂಡು ಹೋಗಿ, ಹಳೇ ಅಭ್ಯಾಸಕ್ಕೆ ಬಾಯಿ ತಾನೇ ತೆಗೆಯುತ್ತೆ ಎಷ್ಟೋ ಸಲ. ಖಾಲಿ ಚಮಚ ತುಟಿಗೆ ತಾಗಿಸಿದ್ರೆ ಬಾಯಲ್ಲಿದ್ದಿದ್ದು ನುಂಗ್ತಾರೆ ಕೆಲವರು. ಸಿಹಿಯ ರುಚಿ ಕೊನೇವರೆಗೂ ಉಳಿಯೋದು ಜಾಸ್ತಿ, ನಾರಿಲ್ಲದ ಮಾವಿನಹಣ್ಣಿನ ರಸ ಗಟ್ಟಿಯಾಗಿ ಮಾಡಿ, ಬೆಲ್ಲ ಹಾಕಿದ ರಾಗಿ ಸರಿ ಕೊಟ್ಟು ನೋಡಿ. ಬಾಯಿ ತೆಗೆಯದಿದ್ರೆ ಬಲವಂತ ಮಾಡಬೇಡಿ, ಮೂಗು ಹಿಡಿಯೋದಂತೂ ಬೇಡವೇ ಬೇಡ, ಅರ್ಧ ಗಂಟೆ ಬಿಟ್ಟು ಮತ್ತೆ ಹೋಗಿ. ಬಾಯಲ್ಲಿ ಏನೂ ಉಳಿದಿಲ್ಲ ಅಂತ ನೋಡಿ ಆಮೇಲೆ ಮಲಗಿಸಿ. ವಾರಕ್ಕೆ ಎರಡು ದಿನ ರಾತ್ರಿ ಊಟದ ಪಾಳಿ ಮನೇಲಿ ಇನ್ನೊಬ್ರಿಗೆ ಕೊಡಿ, ನೀವು ಅವತ್ತು ಬಿಸಿ ಇರೋವಾಗ್ಲೇ ನಿಮ್ಮ ಊಟ ಮಾಡಿ.